ಮರ ಕಡಿಯಿರಿ, ಆದರೆ ಮೊದಲು ದುಡ್ಡು ಎಣಿಸಿ

ನಿಮ್ಮ ತೋಟಕ್ಕೆ ಮೂವರು ಅಧಿಕಾರಿಗಳು ಬರುತ್ತಾರೆ ಅಂದುಕೊಳ್ಳಿ. ಹತ್ತು ವರ್ಷದ ಮರಗಳು, ಎಲೆ ಹಸಿರಾಗಿದೆ, ಕಾಯಿ ತುಂಬಿ ನಿಂತಿದೆ. ಅವರು ಹೇಳುತ್ತಾರೆ: "ಪಕ್ಕದ ತೋಟದಲ್ಲಿ ವೈರಸ್ ಸಿಕ್ಕಿದೆ. ನಿಮ್ಮದನ್ನೂ ಕಡಿಯಬೇಕು." ನಿಮ್ಮ ಮರಕ್ಕೆ ರೋಗ ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ, ಅವರಿಗೂ ಪೂರ್ತಿ ಗೊತ್ತಿಲ್ಲ. ಆದರೂ ಗರಗಸ ಬರುತ್ತದೆ.

ಇಂಥ ಕಡೆ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಒಂದು, "ನನ್ನ ಜಮೀನು, ನನ್ನ ಮರ, ಮುಟ್ಟಿದರೆ ನೋಡಿ" ಅನ್ನುವವರು. ಇನ್ನೊಂದು, "ಸರ್ಕಾರಿ ಆದೇಶ ಆಗಿದೆ, ಮುಗೀತು" ಅನ್ನುವವರು. ನನ್ನ ಪ್ರಕಾರ ಇಬ್ಬರೂ ತಪ್ಪು. ಮೊದಲನೆಯವರು ಊರಿಗೆ ಊರನ್ನೇ ಮುಳುಗಿಸುತ್ತಾರೆ. ಎರಡನೆಯವರು ರೈತನಿಗೆ ರೋಗ ಮುಚ್ಚಿಡುವುದನ್ನು ಕಲಿಸುತ್ತಾರೆ, ಕೊನೆಗೆ ಅವರೂ ಊರನ್ನು ಮುಳುಗಿಸುತ್ತಾರೆ.

ಇದನ್ನು ಗಾಳಿಯಲ್ಲಿ ವಾದ ಮಾಡುವುದು ಬೇಡ. ನಿಜವಾಗಿ ನಡೆದದ್ದನ್ನೇ ನೋಡೋಣ. ಕಥೆ ನಮ್ಮ ಊರಿನದಲ್ಲ, ಅಮೆರಿಕದ ಪೆನ್ಸಿಲ್ವೇನಿಯಾದ್ದು. ಬೆಳೆ ಅಡಿಕೆಯಲ್ಲ, ಪೀಚ್. ಆದರೆ ಓದುತ್ತಾ ಹೋದರೆ ನಿಮ್ಮ ತೋಟದ ಬೇಲಿ ನೆನಪಾಗದೆ ಇರುವುದಿಲ್ಲ.

ಪೀಚ್, ಪ್ಲಮ್, ಏಪ್ರಿಕಾಟ್, ಚೆರ್ರಿ, ಬಾದಾಮಿ ಇವೆಲ್ಲ ಒಂದೇ ಕುಟುಂಬ. ಒಳಗೆ ಗಟ್ಟಿ ಗೊರಟೆ ಇರುವ ಹಣ್ಣುಗಳು. ಇವಕ್ಕೆ ಬರುವ ಅತಿ ಕೆಟ್ಟ ವೈರಸ್ ರೋಗದ ಹೆಸರು ಪ್ಲಮ್ ಪಾಕ್ಸ್, ಅಂದರೆ ಪ್ಲಮ್ಮಿನ ಸಿಡುಬು. ಬಲ್ಗೇರಿಯಾದಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ, 1917ರ ಸುಮಾರಿಗೆ, ರೈತರು ಇದನ್ನು ಮೊದಲು ಗುರುತಿಸಿದರು. ಅವರು ಇಟ್ಟ ಹೆಸರು ಷಾರ್ಕಾ. ಅದರ ಅರ್ಥವೂ ಸಿಡುಬೇ. ಹಣ್ಣಿನ ಮೇಲೆ ಉಂಗುರದ ಹಾಗೆ ಕಲೆ, ಗುಳಿ, ಒಳಗೆ ಗೊರಟೆಯ ಮೇಲೂ ಕಲೆ. ಎಲೆಯಲ್ಲಿ ಮಸುಕು ಹಳದಿ ಉಂಗುರ. ಹಣ್ಣು ಹಣ್ಣಾಗುವ ಮೊದಲೇ ಉದುರಿ ಬೀಳುತ್ತದೆ. ಮರ ತಕ್ಷಣ ಸಾಯುವುದಿಲ್ಲ, ಅದೇ ತೊಂದರೆ. ಸಾಯದೆ ನಿಂತು, ವರ್ಷಗಟ್ಟಲೆ ರೋಗ ಹಂಚುತ್ತಿರುತ್ತದೆ.

ಬಾಲ್ಕನ್ ದೇಶಗಳಲ್ಲಿ ಪ್ಲಮ್ ಅಂದರೆ ನಮ್ಮಲ್ಲಿ ತೆಂಗು ಇದ್ದ ಹಾಗೆ. ತಿನ್ನುವುದು, ಒಣಗಿಸುವುದು, ಜಾಮ್ ಮಾಡುವುದು, ಸ್ಲಿವೊವಿಟ್ಸ್ ಅನ್ನುವ ಭಟ್ಟಿ ಸಾರಾಯಿ ಇಳಿಸುವುದು ಎಲ್ಲ ಅದರಲ್ಲೇ. ಅಲ್ಲಿಯ ಹಳೆಯ ನಾಟಿ ತಳಿಗಳನ್ನು ಈ ರೋಗ ಹಾಳುಗೆಡವಿತು. ಅಲ್ಲಿಂದ ನಿಧಾನವಾಗಿ ಇಡೀ ಯೂರೋಪು ಹತ್ತಿತು. ಸಮುದ್ರ ದಾಟಿ 1992ರಲ್ಲಿ ಚಿಲಿಯಲ್ಲಿ ಕಾಣಿಸಿತು. 1999ರ ಶರತ್ಕಾಲದಲ್ಲಿ ಪೆನ್ಸಿಲ್ವೇನಿಯಾದ ಆಡಮ್ಸ್ ಕೌಂಟಿಯ ಪೀಚ್ ತೋಟದಲ್ಲಿ ಸಿಕ್ಕಿತು. ಉತ್ತರ ಅಮೆರಿಕದಲ್ಲಿ ಅದೇ ಮೊದಲು. ಗೆಟಿಸ್‌ಬರ್ಗ್ ಅಂತ ಅಂತರ್ಯುದ್ಧದ ಊರಿನ ಹೆಸರು ಶಾಲೆಯಲ್ಲಿ ಕೇಳಿರುತ್ತೀರಿ, ಅದು ಇದೇ ಕೌಂಟಿಯ ಕೇಂದ್ರ. ಸುತ್ತ ಗುಡ್ಡದ ಇಳಿಜಾರಿನಲ್ಲಿ ತಲೆಮಾರುಗಳಿಂದ ಸೇಬು, ಪೀಚ್ ಬೆಳೆದ ಕುಟುಂಬಗಳು.

ಒಂದು ಮಾತು ಗಮನಿಸಿ. ಆ ರೋಗವನ್ನು ಉಪಗ್ರಹ ಕಂಡುಹಿಡಿಯಲಿಲ್ಲ, ಡ್ರೋನ್ ಕಂಡುಹಿಡಿಯಲಿಲ್ಲ. ಬೆಳೆಗಾರನೊಬ್ಬ ತನ್ನ ಹಣ್ಣಿನ ಮೇಲೆ ಉಂಗುರದ ಕಲೆ ಕಂಡು, ಇದು ಏನು ಅಂತ ತಜ್ಞರಿಗೆ ತೋರಿಸಿದ. ಅಲ್ಲಿಂದ ಶುರುವಾಯಿತು ಎಲ್ಲ. ಈ ಬೆಳೆಗಾರನನ್ನು ನೆನಪಿಟ್ಟುಕೊಳ್ಳಿ, ನನ್ನ ವಾದವೆಲ್ಲ ಅವನ ಮೇಲೇ ನಿಂತಿದೆ.

ಹಣ್ಣು ತಿಂದವರಿಗೆ ಈ ವೈರಸ್‌ನಿಂದ ಏನೂ ಆಗುವುದಿಲ್ಲ. ಹಾಗಾದರೆ ಯಾಕೆ ಕಡಿಯಬೇಕು, ಔಷಧಿ ಹೊಡೆದರೆ ಆಗದೇ ಅಂತ ಕೇಳಬಹುದು. ಇಲ್ಲಿ ಸ್ವಲ್ಪ ನಿಂತು ವಿಷಯ ತಿಳಿದುಕೊಳ್ಳಬೇಕು. ಇದು ಅರ್ಥವಾಗದೆ ಜಗಳಕ್ಕೆ ನಿಂತವರೇ ಜಾಸ್ತಿ.

ವೈರಸ್‌ಗೆ ಮದ್ದಿಲ್ಲ. ಒಮ್ಮೆ ಮರದ ಒಳಗೆ ಹೋದರೆ ಮರ ಇರುವ ತನಕ ಅದೂ ಇರುತ್ತದೆ. ಬೋರ್ಡೋ ಹೊಡೆದರೂ ಅಷ್ಟೇ, ಬುಡಕ್ಕೆ ಏನು ಸುರಿದರೂ ಅಷ್ಟೇ. ಸರಿ, ರೋಗ ಹಬ್ಬಿಸುವ ಹೇನನ್ನಾದರೂ ಕೊಲ್ಲೋಣ ಅಂದರೆ ಅದೂ ಆಗುವುದಿಲ್ಲ. ನಮ್ಮ ಅಲಸಂದೆ, ಮೆಣಸಿನ ಗಿಡದ ಚಿಗುರಿಗೆ ಮುತ್ತುತ್ತದಲ್ಲ, ಅಂಥ ಸಸ್ಯಹೇನುಗಳೇ ಇದನ್ನು ಹೊರುವುದು. ಹೇನು ಎಲೆಗೆ ಸೂಜಿಯಂಥ ಬಾಯಿ ಚುಚ್ಚಿ ರುಚಿ ನೋಡುತ್ತದೆ. ರುಚಿ ಹಿಡಿಸದಿದ್ದರೆ ಹಾರಿ ಪಕ್ಕದ ಮರಕ್ಕೆ ಹೋಗಿ ಅಲ್ಲೂ ಚುಚ್ಚುತ್ತದೆ. ವೈರಸ್ ಆ ಸೂಜಿಯ ತುದಿಗೆ ಅಂಟಿಕೊಂಡಿರುತ್ತದೆ. ಚುಚ್ಚಿದ ನಿಮಿಷಗಳಲ್ಲೇ ದಾಟಿಬಿಡುತ್ತದೆ. ನೀವು ಹೊಡೆದ ವಿಷ ಹೇನನ್ನು ಕೊಲ್ಲುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತದೆ. ಸೋಂಕು ತಗಲಿದ ಮರ ಒಂದೆರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಹೊರಗೆ ಏನನ್ನೂ ತೋರಿಸದೆ ಇರಬಹುದು. ಪರೀಕ್ಷೆ ಮಾಡಿದರೂ, ವೈರಸ್ ಮರದ ಎಲ್ಲ ಕೊಂಬೆಯಲ್ಲೂ ಸಮನಾಗಿ ಇರುವುದಿಲ್ಲ. ಈ ಕಡೆ ಕೊಂಬೆಯ ಎಲೆ ಕಿತ್ತರೆ ರೋಗ ಇಲ್ಲ, ಆ ಕಡೆ ಕೊಂಬೆಯದು ಕಿತ್ತರೆ ಇದೆ.

ಈಗ ಹೇಳಿ. ಒಂದು ಸಾಲಿನಲ್ಲಿ ನಾಲ್ಕು ಮರಕ್ಕೆ ರೋಗ ಖಚಿತವಾಗಿದೆ. ಐದನೆಯದು ಚೆನ್ನಾಗಿ ಕಾಣುತ್ತದೆ. ಅದು ಚೆನ್ನಾಗಿದೆ ಅಂತ ಯಾರು ಬರೆದುಕೊಡುತ್ತಾರೆ? ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಇಡೀ ತಾಕನ್ನು ಕಡಿಯುವುದು, ಅದಕ್ಕೇ ಸುತ್ತಲಿನದನ್ನೂ ಕಡಿಯುವುದು. ಕೊರೊನಾ ಕಾಲದಲ್ಲಿ ಒಬ್ಬರಿಗೆ ಬಂದರೆ ಇಡೀ ಬೀದಿಗೆ ಬಿದಿರು ಕಟ್ಟಿ ಸೀಲ್‌ಡೌನ್ ಮಾಡಿದ್ದು ನೆನಪಿದೆಯಲ್ಲ. ಆದರೆ ಮನುಷ್ಯನನ್ನು ಹದಿನಾಲ್ಕು ದಿನ ಕೂಡಿಸಿ ಬಿಡಬಹುದು. ಮರಕ್ಕೆ ಹದಿನಾಲ್ಕನೆಯ ದಿನ ಅನ್ನುವುದೇ ಇಲ್ಲ.

ಆದ್ದರಿಂದ "ನನ್ನ ಮರ ಮುಟ್ಟಬೇಡಿ" ಅನ್ನುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಹೇನು ಪಹಣಿ ಓದಿ ಹಾರುವುದಿಲ್ಲ. ನಿಮ್ಮ ಹತ್ತು ಮರದ ಮೇಲಿನ ಪ್ರೀತಿ ದೊಡ್ಡದೇ. ಆದರೆ ಆ ಹತ್ತು ಮರ ನಿಂತರೆ ಪಕ್ಕದವನ ಸಾವಿರ ಮರದ ತಲೆಯ ಮೇಲೆ ಕತ್ತಿ ತೂಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಕ್ವಾರಂಟೈನ್ ಗೆರೆ ಎಳೆದಾಗ ಅದರೊಳಗಿನ ಗೊರಟೆ ಹಣ್ಣಿನ ಸಸಿ, ಕಸಿಕಡ್ಡಿ ಹೊರಗೆ ಹೋಗುವ ಹಾಗಿರಲಿಲ್ಲ. ಮನೆ ಹಿತ್ತಲಿನ ಮರಗಳನ್ನೂ ಹುಡುಕಿ ಎಲೆ ಕಿತ್ತು ಪರೀಕ್ಷೆ ಮಾಡಿದರು. ಕಡಿದ ಜಾಗದಲ್ಲಿ ಮತ್ತೆ ಅದೇ ಜಾತಿಯ ಮರ ನೆಡಲು ವರ್ಷಗಟ್ಟಲೆ ಕಾಯಬೇಕಿತ್ತು. ಎಲ್ಲ ಸೇರಿ ಸುಮಾರು 1,600 ಎಕರೆ ತೋಟ ನೆಲಸಮವಾಯಿತು. ಕೇಳಲಿಕ್ಕೆ ಕ್ರೂರವಾಗಿದೆ. ಆದರೆ 2009ರಲ್ಲಿ ಆ ರಾಜ್ಯ ರೋಗಮುಕ್ತ ಅಂತ ಘೋಷಣೆಯಾಯಿತು. ಹತ್ತು ವರ್ಷ ಹಿಡಿಯಿತು, ಆದರೆ ಆಯಿತು. ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಿ 2006ರಲ್ಲಿ ಸಿಕ್ಕ ಅದೇ ವೈರಸ್‌ನ ಹಿಂದೆ ಬಿದ್ದು 2019ರಲ್ಲಿ ಅದನ್ನೂ ಮುಗಿಸಿದರು. ಮರದ ವೈರಸ್ ಒಂದನ್ನು ಅಷ್ಟು ದೊಡ್ಡ ದೇಶದಿಂದ ಬೇರು ಸಮೇತ ಕಿತ್ತು ಹಾಕುವುದು ಹುಡುಗಾಟವಲ್ಲ.

ಈಗ ಎರಡನೆಯ ಗುಂಪಿಗೆ ಬರುತ್ತೇನೆ. "ಆದೇಶ ಆಗಿದೆ, ಮುಗೀತು" ಅನ್ನುವವರು ಪೆನ್ಸಿಲ್ವೇನಿಯಾ ಹೆಸರು ಹೇಳಿ ಎದೆ ತಟ್ಟಿಕೊಳ್ಳುವ ಮೊದಲು ಅಲ್ಲಿ ಹಣದ ಲೆಕ್ಕ ಏನಿತ್ತು ಅಂತ ನೋಡಲಿ.

ಅಲ್ಲಿ ನಿಯಮದಲ್ಲೇ ಬರೆದಿದ್ದರು: ನಷ್ಟದ ಲೆಕ್ಕದಲ್ಲಿ ಶೇ. 85ರಷ್ಟು ಕೇಂದ್ರ ಸರ್ಕಾರದ ಪಾಲು, ಉಳಿದದ್ದಕ್ಕೆ ರಾಜ್ಯ. ಮರಕ್ಕೆ ಇಷ್ಟು ಅಂತ ಒಂದು ಜುಜುಬಿ ಮೊತ್ತ ಎಸೆದು ಹೋಗಲಿಲ್ಲ. ಮರದ ವಯಸ್ಸಿಗೆ ತಕ್ಕ ಹಾಗೆ ಎಕರೆಗೆ ಎಷ್ಟು ಅಂತ ದರಪಟ್ಟಿ. ಯಾಕೆಂದರೆ ಒಂದು ವರ್ಷದ ಸಸಿ ಬೇರೆ, ಫಸಲಿನ ಭರದಲ್ಲಿರುವ ಎಂಟು ವರ್ಷದ ಮರ ಬೇರೆ, ಇನ್ನೇನು ಮುಗಿಯಿತು ಅನ್ನುವ ಮುದಿ ಮರ ಬೇರೆ. ಲೆಕ್ಕ ಹಾಕಿದ್ದು ಸೌದೆಯ ಬೆಲೆಯನ್ನಲ್ಲ, ಆ ಮರ ಮುಂದೆ ಕೊಡಬೇಕಿದ್ದ ಆದಾಯವನ್ನು. ರಸ್ತೆ ಬದಿ ಸ್ವಂತ ಅಂಗಡಿ ಹಾಕಿ ನೇರ ಗಿರಾಕಿಗೆ ಹಣ್ಣು ಮಾರುವವರಿಗೆ ಬೇರೆ ದರ. ಮಂಡಿಗೆ ಹಾಕುವವನಿಗಿಂತ ಅವನಿಗೆ ಲಾಭ ಜಾಸ್ತಿ, ಹಾಗಾಗಿ ನಷ್ಟವೂ ಜಾಸ್ತಿ. ಈ ದರವಾಗಲಿ, ನರ್ಸರಿಯವರ ಲೆಕ್ಕವಾಗಲಿ ಮೊದಲ ದಿನವೇ ಇರಲಿಲ್ಲ, ಆಮೇಲೆ ಸೇರಿದ್ದು. ಕೂಗಿದವರು ಇದ್ದರು, ಸೇರಿಸಿದರು.

ಇದರಿಂದ ಎಲ್ಲರೂ ಸುಖವಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಅಜ್ಜ ನೆಟ್ಟ ತೋಟ ಒಂದು ಬೆಳಿಗ್ಗೆ ಬಯಲಾದರೆ ಯಾವ ದರಪಟ್ಟಿಯೂ ಅದನ್ನು ತುಂಬುವುದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಸಾಲ ತೀರಿಸಿ, ಮಕ್ಕಳ ಫೀಸು ಕಟ್ಟಿ, ಮತ್ತೆ ನೆಡುವ ತನಕ ಉಸಿರು ಹಿಡಿಯುವಷ್ಟು ಹಣ ಸಿಗುತ್ತದೆ ಅಂತ ಗೊತ್ತಿದ್ದ ರೈತ ತನ್ನ ಹಣ್ಣಿನ ಮೇಲೆ ಉಂಗುರ ಕಂಡಾಗ ಫೋನ್ ಎತ್ತುತ್ತಾನೆ. ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದ ರೈತ ಆ ಹಣ್ಣನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ನಾಲ್ಕು ಬುಟ್ಟಿ ಮಣ್ಣು ಎಳೆಯುತ್ತಾನೆ. ನಾನಾದರೂ ಅದನ್ನೇ ಮಾಡುತ್ತೇನೆ. ನೀವೂ ಅದನ್ನೇ ಮಾಡುತ್ತೀರಿ. ನಾಟಕ ಬೇಡ.

ಪರಿಹಾರ ಅಂದರೆ ದಾನ ಅಂತ ಅಧಿಕಾರಿಗಳು ತಿಳಿದಿದ್ದಾರೆ. ಮಾಧ್ಯಮದ ನಮ್ಮವರೂ "ರೈತರಿಗೆ ನೆರವು" ಅಂತ ತಲೆಬರಹ ಕೊಡುತ್ತಾರೆ. ನೆರವಲ್ಲ ಸ್ವಾಮಿ, ಅದು ಖರೀದಿ. ನೂರಾರು ರೈತರ ತೋಟ ಉಳಿಸಲು ಸರ್ಕಾರ ಒಬ್ಬ ರೈತನ ಮರ ಕೊಳ್ಳುತ್ತಿದೆ. ಹೆದ್ದಾರಿಗೆ ಜಮೀನು ತೆಗೆದುಕೊಂಡ ಹಾಗೆ. ಕೊಂಡದ್ದಕ್ಕೆ ಬೆಲೆ ಕೊಡಬೇಕು.

ಬೆಲೆ ಕೊಡದೆ ಜಿಪುಣತನ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ಅಮೆರಿಕದಲ್ಲಿ ಉದಾಹರಣೆ ಇದೆ. ಫ್ಲೋರಿಡಾದ ಕಿತ್ತಳೆ, ನಿಂಬೆ. ಅಲ್ಲಿಯದು ವೈರಸ್ ಅಲ್ಲ, ಕ್ಯಾಂಕರ್ ಅನ್ನುವ ಬ್ಯಾಕ್ಟೀರಿಯಾ ರೋಗ. ನಮ್ಮ ನಿಂಬೆ ಬೆಳೆಗಾರರಿಗೆ ಗೊತ್ತು, ಕಾಯಿಯ ಮೇಲೆ ಕಜ್ಜಿಯ ಹಾಗೆ ಏಳುತ್ತದಲ್ಲ, ಅದೇ. 2000ದ ಹೊತ್ತಿಗೆ ಅಲ್ಲಿ 1,900 ಅಡಿಯ ನಿಯಮ ತಂದರು. ಒಂದು ಮರಕ್ಕೆ ರೋಗ ಕಂಡರೆ ಸುತ್ತ 1,900 ಅಡಿಯೊಳಗಿನ ಎಲ್ಲ ಕಿತ್ತಳೆ ಜಾತಿ ಮರ ಹೋಗಬೇಕು. ಲೆಕ್ಕ ಹಾಕಿ ನೋಡಿ, ಒಂದು ಮರಕ್ಕೆ ಸುಮಾರು 260 ಎಕರೆಯ ವೃತ್ತ. ಅದರೊಳಗೆ ತೋಟ ಮಾತ್ರವಲ್ಲ, ನಗರದ ಮನೆಗಳ ಹಿತ್ತಲೂ ಬಂತು. ಹಿತ್ತಲಿನವರಿಗೆ ಕೊಟ್ಟದ್ದು ಏನು ಗೊತ್ತೇ? ಮೊದಲ ಮರಕ್ಕೆ 100 ಡಾಲರಿನ ಅಂಗಡಿ ಕೂಪನ್, ಆಮೇಲಿನ ಮರಗಳಿಗೆ ತಲಾ 55 ಡಾಲರ್. ಮೂವತ್ತು ವರ್ಷ ನೆರಳು ಕೊಟ್ಟ ಮರಕ್ಕೆ ಕೂಪನ್! ಇಡೀ ಕೌಂಟಿಗೆ ಒಂದೇ ಸರ್ಚ್ ವಾರಂಟ್ ಹಿಡಿದು ಹಿತ್ತಲಿಗೆ ನುಗ್ಗಲು ಹೊರಟರು. ಜನ ಕೋರ್ಟಿಗೆ ಹೋದರು. 2004ರಲ್ಲಿ ಫ್ಲೋರಿಡಾದ ಸುಪ್ರೀಂ ಕೋರ್ಟ್ 1,900 ಅಡಿಯ ನಿಯಮವನ್ನು ಎತ್ತಿಹಿಡಿಯಿತು, ಆದರೆ ಆ ಸಾಮೂಹಿಕ ವಾರಂಟು ನಡೆಯುವುದಿಲ್ಲ ಅಂದಿತು.

ಮೊಕದ್ದಮೆಗಳ ನಡುವೆ ಕಡಿಯುವುದು ನಿಂತು ನಿಂತು ನಡೆಯಿತು. ಹೇನಿಗೆ ತಡೆಯಾಜ್ಞೆ ತಗಲುವುದಿಲ್ಲ ಅಂದೆನಲ್ಲ, ಗಾಳಿಮಳೆಗೂ ತಗಲುವುದಿಲ್ಲ. 2004, 2005ರ ಚಂಡಮಾರುತಗಳು ಆ ಬ್ಯಾಕ್ಟೀರಿಯಾವನ್ನು ಹೊತ್ತು ರಾಜ್ಯದ ತುಂಬ ಎರಚಿದವು. 2006ರ ಜನವರಿಯಲ್ಲಿ ಕೇಂದ್ರ ಕೃಷಿ ಇಲಾಖೆ ಕೈಚೆಲ್ಲಿತು: ಇನ್ನು ನಿರ್ಮೂಲನೆ ಸಾಧ್ಯವಿಲ್ಲ. ಅಷ್ಟರಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮರ ಬಿದ್ದಿದ್ದವು. ಮರವೂ ಹೋಯಿತು, ರೋಗವೂ ಉಳಿಯಿತು.

ಆ ಹಿತ್ತಲಿನವರ ಪರಿಹಾರದ ಕಥೆ ಇನ್ನೂ ಚೆನ್ನಾಗಿದೆ. ಬ್ರೋವಾರ್ಡ್ ಕೌಂಟಿಯವರ ಪರ 2008ರಲ್ಲಿ ಜ್ಯೂರಿ ತೀರ್ಪು ಬಂತು. ಸರ್ಕಾರ ಹಣ ಕೊಡಲಿಲ್ಲ. 2017ರಲ್ಲಿ ಶಾಸನಸಭೆ ಹಣ ಮಂಜೂರು ಮಾಡಿದರೆ ಗವರ್ನರ್ ರಿಕ್ ಸ್ಕಾಟ್ ಅದನ್ನು ವೀಟೊ ಮಾಡಿದರು. ಮರುವರ್ಷವೇ ಹಣಕ್ಕೆ ದಾರಿಯಾದದ್ದು. ತೀರ್ಪಿನಿಂದ ಹಣಕ್ಕೆ ಹತ್ತು ವರ್ಷ. ನಮ್ಮ ತಹಶೀಲ್ದಾರ್ ಕಚೇರಿಯಲ್ಲಿ ಮಾತ್ರ ಫೈಲು ಮಲಗುತ್ತದೆ ಅಂತ ತಿಳಿದಿದ್ದೆವು!

ಒಂದು ದೇಶ, ಹೆಚ್ಚು ಕಡಿಮೆ ಒಂದೇ ಕಾಲ. ಒಂದು ಕಡೆ ವಯಸ್ಸು ನೋಡಿ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಿದರು, ಇನ್ನೊಂದು ಕಡೆ ಕೂಪನ್ ಹಂಚಿದರು. ಒಂದು ಕಡೆ ರೋಗ ಹೋಯಿತು, ಇನ್ನೊಂದು ಕಡೆ ಉಳಿಯಿತು. ಹಣ ಒಂದೇ ಕಾರಣ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಚಂಡಮಾರುತ ಇತ್ತು, ರೋಗದ ಸ್ವಭಾವ ಬೇರೆ, ಫ್ಲೋರಿಡಾದಲ್ಲಿ ಮನೆ ಮನೆಗೂ ಮರ ಇತ್ತು. ಆದರೆ ರೋಗ ಓಡುವಾಗ ಕೋರ್ಟಿನಲ್ಲಿ ಕಳೆದ ದಿನಗಳಿಗೆ ಕಾರಣ ಜಿಪುಣತನ, ದರ್ಪ. ಅದರಲ್ಲಿ ನನಗೆ ಅನುಮಾನ ಇಲ್ಲ.

ಹಣ ಕೊಟ್ಟರೂ ಸೋಲಬಹುದು, ಅದನ್ನೂ ಹೇಳಬೇಕು. ಕೆನಡಾದ ನಯಾಗರ ಪ್ರದೇಶ. ಜಲಪಾತದ ಫೋಟೋ ನೋಡಿರುತ್ತೀರಿ, ಅದರ ಸುತ್ತಲಿನ ನೆಲ ಪೀಚ್, ದ್ರಾಕ್ಷಿಗೆ ಹೆಸರುವಾಸಿ. 2000ದಲ್ಲಿ ಅಲ್ಲಿ ಪ್ಲಮ್ ಪಾಕ್ಸ್ ಸಿಕ್ಕಿತು. ಹತ್ತು ವರ್ಷ ಹುಡುಕಿದರು, ಪರೀಕ್ಷೆ ಮಾಡಿದರು, ಕಡಿದರು, ಪರಿಹಾರವನ್ನೂ ಕೊಟ್ಟರು. ಆದರೂ ಪ್ರತಿವರ್ಷ ಹೊಸ ಮರಗಳಲ್ಲಿ ಸಿಗುತ್ತಲೇ ಇತ್ತು. 2011ರಲ್ಲಿ ಕೆನಡಾ ಸರ್ಕಾರ ಬಾಯಿಬಿಟ್ಟು ಹೇಳಿತು: ಇನ್ನು ಬೇರು ಸಮೇತ ಕೀಳುವ ಪ್ರಯತ್ನ ನಿಲ್ಲಿಸುತ್ತೇವೆ, ಹೊರಗೆ ಹರಡದಂತೆ ಗಡಿ ಕಾಯುತ್ತೇವೆ. ಕ್ವಾರಂಟೈನ್ ಪ್ರದೇಶದೊಳಗೆ ಗೊರಟೆ ಹಣ್ಣಿನ ಗಿಡ ಕಸಿ ಮಾಡಿ ಬೆಳೆಸುವುದಕ್ಕೆ, ಹೊರಗೆ ಸಾಗಿಸುವುದಕ್ಕೆ ನಿರ್ಬಂಧ ಮುಂದುವರಿಯಿತು. ನನಗೆ ಇದು ಸೋಲಿನಲ್ಲೂ ಮರ್ಯಾದೆಯ ನಡೆ ಅನಿಸುತ್ತದೆ. ಆಗದ್ದನ್ನು ಆಗುತ್ತದೆ ಅಂತ ಹೇಳಿಕೊಂಡು ರೈತನ ಮರ ಕಡಿಯುತ್ತಾ ಹೋಗುವುದು ಮಹಾ ಪಾಪ. ಕ್ವಾರಂಟೈನ್ ಹಾಕುವ ಸರ್ಕಾರ ಅದನ್ನು ಯಾವಾಗ, ಯಾವ ಲೆಕ್ಕದ ಮೇಲೆ ನಿಲ್ಲಿಸುತ್ತೇನೆ ಅಂತಲೂ ಮೊದಲೇ ಬರೆದಿಡಬೇಕು.

ಜಪಾನಿನದು ಇನ್ನೊಂದು. ಟೋಕಿಯೊ ಪಕ್ಕದ ಓಮೆ ಅನ್ನುವ ಊರು. ಊರಿನ ಹೆಸರನ್ನು ಬರೆಯುವ ಅಕ್ಷರಗಳಿಗೇ ಹಸಿರು ಉಮೆ ಅಂತ ಅರ್ಥ. ಉಮೆ ಅಂದರೆ ಅವರು ಉಪ್ಪಿನಕಾಯಿ ಹಾಕುವ ಪ್ಲಮ್ ಜಾತಿಯ ಹಣ್ಣು. ಚಳಿಗಾಲ ಮುಗಿಯುವಾಗ ಅದರ ಹೂವು ನೋಡಲು ಜನ ರೈಲು ಹತ್ತಿ ಬರುತ್ತಿದ್ದರು. 2009ರಲ್ಲಿ ಆ ಮರಗಳಲ್ಲಿ ಇದೇ ವೈರಸ್ ಸಿಕ್ಕಿತು. 2014ರಲ್ಲಿ ಕೊನೆಯ ಹೂವಿನ ಹಬ್ಬ ಮುಗಿಸಿ ಪಾರ್ಕಿನಲ್ಲಿ ಉಳಿದಿದ್ದ ಸಾವಿರಕ್ಕೂ ಹೆಚ್ಚು ಮರ ಕಡಿದರು. ಊರಿನ ಹೆಸರಿನಲ್ಲೇ ಇರುವ ಮರ ಆ ಪಾರ್ಕಿನಲ್ಲಿ ಉಳಿಯಲಿಲ್ಲ. 2016ರಲ್ಲಿ ಮತ್ತೆ ನೆಡಲು ಅನುಮತಿ ಸಿಕ್ಕಿತು. ಅಲ್ಲಿಯ ಸಸ್ಯ ಸಂರಕ್ಷಣಾ ಕಾಯ್ದೆಯಲ್ಲಿ, ತುರ್ತು ಕ್ರಮದಿಂದ ಆದ ನಷ್ಟಕ್ಕೆ ಪರಿಹಾರ ಕೊಡಬೇಕು ಅಂತ ಪ್ರತ್ಯೇಕ ಕಲಮು ಇದೆ.

ಈಗ ನಮ್ಮ ಕಾಯ್ದೆ ತೆರೆದು ನೋಡಿ. ಈ ದೇಶದಲ್ಲಿ ಗಿಡದ ರೋಗಕ್ಕೆ ಗಡಿ ಹಾಕುವ ಮೂಲ ಕಾಯ್ದೆ 1914ರದು. ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ. ಬ್ರಿಟಿಷರು ಬರೆದದ್ದು, ನಾಲ್ಕೈದು ಪುಟದ್ದು. ಅದರಲ್ಲಿ ಸಾಗಣೆ ತಡೆಯುವ ಅಧಿಕಾರ ಇದೆ, ದಂಡ ಇದೆ, ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಕೇಸು ಹಾಕುವ ಹಾಗಿಲ್ಲ ಅಂತ ರಕ್ಷಣೆಯೂ ಇದೆ. ಮರ ಕಳೆದುಕೊಂಡವನಿಗೆ ಏನು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. 2013ರಲ್ಲಿ ಕೃಷಿ ಜೈವಿಕ ಸುರಕ್ಷತೆಯ ಹೊಸ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು. ಮರುವರ್ಷ ಸಭೆ ವಿಸರ್ಜನೆಯಾಯಿತು, ಮಸೂದೆಯೂ ಹೋಯಿತು.

ಆ ಹಳೆಯ ಕಾಯ್ದೆಯಡಿ ದೇಶದೊಳಗೇ ಗಡಿ ಹಾಕಿದ ರೋಗಗಳ ಪಟ್ಟಿ ಇದೆ. ಬಾಳೆಯ ಬಂಚಿ ಟಾಪ್ ವೈರಸ್ ಅದರಲ್ಲಿ ಒಂದು. ಅದನ್ನು ಹೊರುವುದೂ ಹೇನೇ. ಎಲೆ ತುದಿಯಲ್ಲಿ ಗೊಂಚಲಾಗಿ ಕುಗ್ಗಿ, ಗೊನೆ ಹಾಕದೆ ನಿಲ್ಲುತ್ತದಲ್ಲ, ಅದು. ಕೇರಳ, ತಮಿಳುನಾಡು ಸೇರಿ ಕೆಲವು ರಾಜ್ಯಗಳಿಂದ ಬಾಳೆಕಂದು ಹೊರಗೆ ಸಾಗಿಸುವುದಕ್ಕೆ ಕಾಗದದ ಮೇಲೆ ನಿರ್ಬಂಧ. ನೀವು ಗಡಿ ತಾಲೂಕಿನವರಾದರೆ ಹೇಳಿ, ಚೆಕ್‌ಪೋಸ್ಟಿನಲ್ಲಿ ಬಾಳೆಕಂದಿನ ಲಾರಿ ನಿಲ್ಲಿಸಿ "ಎಲ್ಲಿಯ ಕಂದು?" ಅಂತ ಯಾರಾದರೂ ಕೇಳಿದ್ದನ್ನು ನೋಡಿದ್ದೀರಾ?

ಕೋಳಿಗೆ ಇದೆ. ಹಕ್ಕಿಜ್ವರ ಬಂದು ಸುತ್ತಲಿನ ಕೋಳಿ ಕೊಂದರೆ, ಇಷ್ಟು ವಾರದ ಮರಿಗೆ ಇಷ್ಟು, ಮೊಟ್ಟೆ ಕೋಳಿಗೆ ಇಷ್ಟು ಅಂತ ದರ ಇದೆ. ಕೇಂದ್ರ, ರಾಜ್ಯ ಹಂಚಿಕೊಂಡು ಕೊಡುತ್ತವೆ. ದರ ಸಾಕೋ ಸಾಲದೋ ಬೇರೆ ಮಾತು, ನಿಯಮ ಅಂತ ಒಂದು ಇದೆ. ಆರು ವಾರದಲ್ಲಿ ಬೆಳೆಯುವ ಕೋಳಿಗೆ ಇರುವ ನಿಯಮ ಆರು ವರ್ಷ ಬೆಳೆಸಿದ ಮರಕ್ಕೆ ಯಾಕಿಲ್ಲ?

ಸುಳ್ಯ, ಶೃಂಗೇರಿ, ಕೊಪ್ಪದ ಕಡೆಯವರು ಇದನ್ನು ಓದುತ್ತಿದ್ದರೆ ಈಗಾಗಲೇ ಮನಸ್ಸು ಅಡಿಕೆಯ ಹಳದಿ ಎಲೆ ರೋಗದ ಕಡೆ ಹೋಗಿರುತ್ತದೆ. ಅದು ವೈರಸ್ ಅಲ್ಲ, ಫೈಟೋಪ್ಲಾಸ್ಮಾ ಅನ್ನುವ ಇನ್ನೊಂದು ಜೀವಿ. ಆದರೆ ಹಣೆಬರಹ ಅದೇ: ಮದ್ದಿಲ್ಲ, ಕೀಟ ಹೊರುತ್ತದೆ, ಮರ ವರ್ಷಗಟ್ಟಲೆ ಒಣಗುತ್ತಾ ನಿಲ್ಲುತ್ತದೆ. ರೋಗ ಹೊಸದಾಗಿ ಕಾಲಿಟ್ಟ ಊರಿನಲ್ಲಿ ಮೊದಲ ನಾಲ್ಕು ಮರವನ್ನು ತಕ್ಷಣ ತೆಗೆದರೆ ಊರು ಉಳಿಯಬಹುದು. ಯಾರು ತೆಗೆಯುತ್ತಾರೆ? ತೆಗೆದವನಿಗೆ ಇವತ್ತೇ ನಷ್ಟ, ಲಾಭ ಪಕ್ಕದವನಿಗೆ. ಹಳದಿ ಮರವೂ ಒಂದಷ್ಟು ಅಡಿಕೆ ಕೊಡುತ್ತದೆ, ಅದನ್ನು ನಂಬಿ ಸೊಸೈಟಿ ಸಾಲ ಇದೆ. "ರೋಗದ ಮರ ತೆಗೆದು ಪರ್ಯಾಯ ಬೆಳೆ ಬೆಳೆಯಿರಿ" ಅಂತ ವೇದಿಕೆ ಮೇಲೆ ಹೇಳುವುದು ಸುಲಭ. ಕಡಿದ ದಿನದಿಂದ ಪರ್ಯಾಯ ಬೆಳೆ ಫಲ ಕೊಡುವ ದಿನದ ತನಕ ಊಟಕ್ಕೆ ಏನು ಅಂತ ಆ ಭಾಷಣದಲ್ಲಿ ಇರುವುದಿಲ್ಲ.

ನರ್ಸರಿಯ ವಿಷಯ ಹೇಳದೆ ಬಿಟ್ಟರೆ ಇದು ಅರ್ಧ ಮಾತಾಗುತ್ತದೆ. ಹೇನು ಒಂದೆರಡು ಫರ್ಲಾಂಗು ಹಾರಬಹುದು, ಸಮುದ್ರ ದಾಟುವುದಿಲ್ಲ. ಪ್ಲಮ್ ಪಾಕ್ಸ್ ಖಂಡದಿಂದ ಖಂಡಕ್ಕೆ ಹೋದದ್ದು ಮನುಷ್ಯನ ಕೈಯಲ್ಲಿ, ರೋಗದ ಕಸಿಕಡ್ಡಿ ಮತ್ತು ಸಸಿಗಳ ಮೂಲಕ. ಒಬ್ಬ ರೋಗದ ತಾಯಿಮರದಿಂದ ಕಡ್ಡಿ ತೆಗೆದು ಸಾವಿರ ಗಿಡಕ್ಕೆ ಕಸಿ ಕಟ್ಟಿದರೆ ಸಾವಿರ ತೋಟಕ್ಕೆ ರೋಗವನ್ನು ಪಾರ್ಸೆಲ್ ಮಾಡಿದ ಹಾಗೆ. ಕ್ವಾರಂಟೈನ್ ಅಂದರೆ ರೈತನ ಬೇಲಿಗೆ ಟೇಪು ಕಟ್ಟುವುದಕ್ಕಿಂತ ಮೊದಲು ತಾಯಿಮರ ಪರೀಕ್ಷೆ ಮಾಡುವುದು. ಪರೀಕ್ಷೆ ಹೊಸ ವಿದ್ಯೆಯೇನಲ್ಲ. ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು ತಯಾರಿಸಿದ ಪ್ರತಿಕಾಯ ಬಳಸಿ ಎಲೆಯ ರಸದಲ್ಲಿ ಈ ವೈರಸ್ ಪತ್ತೆ ಮಾಡುವ ವಿಧಾನ ದಶಕಗಳಿಂದ ಇದೆ. ನಮ್ಮಲ್ಲಿ ಸಂತೆಯಲ್ಲಿ, ರಸ್ತೆ ಬದಿ ಟೆಂಪೋದಲ್ಲಿ ಮಾರುವ ಸಸಿಗೆ ತಾಯಿ ಯಾರು ಅಂತ ಮಾರುವವನಿಗೇ ಗೊತ್ತಿರುವುದಿಲ್ಲ. ಅವನನ್ನು ಬಿಟ್ಟು, ಕೊಂಡು ನೆಟ್ಟು ಬೆಳೆಸಿದವನ ಮರ ಕಡಿಯಲು ಬರುವುದು ಯಾವ ನ್ಯಾಯ?

ರೋಗ ತಡೆಯುವ ತಳಿ ಬಂದರೆ ಇದೆಲ್ಲ ಬೇಕಿಲ್ಲ ಅನ್ನುವವರೂ ಇದ್ದಾರೆ. ಅಮೆರಿಕದ ಸರ್ಕಾರಿ ವಿಜ್ಞಾನಿಗಳು ಹನಿಸ್ವೀಟ್ ಅಂತ ಒಂದು ಕುಲಾಂತರಿ ಪ್ಲಮ್ ತಯಾರು ಮಾಡಿದ್ದಾರೆ, ಈ ವೈರಸ್ ಅದನ್ನು ಹಿಡಿಯುವುದಿಲ್ಲ. ಒಳ್ಳೆಯದು. ಆದರೆ ಅದಕ್ಕೆ ಹಿಡಿದ ವರ್ಷಗಳನ್ನು ನೋಡಿದರೆ, ತಳಿ ಬರುವ ತನಕ ಕಾಯುತ್ತೇನೆ ಅನ್ನುವುದು ಬಾವಿ ತೋಡಿ ಬೆಂಕಿ ಆರಿಸುತ್ತೇನೆ ಅಂದ ಹಾಗೆ.

ಹಾಗಾದರೆ ನಾನು ಕೇಳುವುದು ಏನು? ದೊಡ್ಡದೇನೂ ಅಲ್ಲ. ರೋಗ ಬರುವ ಮೊದಲೇ ದರಪಟ್ಟಿ ಬರಲಿ. ಅಡಿಕೆ, ತೆಂಗು, ಕಾಫಿ, ಕಾಳುಮೆಣಸು, ಬಾಳೆ, ದಾಳಿಂಬೆ, ಮಾವು ಎಲ್ಲಕ್ಕೂ, ವಯಸ್ಸಿನ ಪ್ರಕಾರ. ರೋಗ ಬಂದ ಮೇಲೆ ಸಮಿತಿ ಮಾಡಿ, ಸಮಿತಿಗೆ ಉಪಸಮಿತಿ ಮಾಡಿ ದರ ನಿಗದಿ ಮಾಡುತ್ತೇವೆ ಅನ್ನುವುದು ಬೇಡ. ಮರದ ಬುಡದಲ್ಲಿ ಗರಗಸ ಇಡುವ ಮೊದಲು ಅರ್ಧ ಹಣ ಖಾತೆಗೆ ಬಂದಿರಲಿ, ಉಳಿದದ್ದಕ್ಕೆ ಒಂದು ತಾರೀಖು ಇರಲಿ, ತಪ್ಪಿದರೆ ಬಡ್ಡಿ ಇರಲಿ. ರೋಗದ ಮರಕ್ಕೂ ಪಕ್ಕದ ಚೆನ್ನಾಗಿರುವ ಮರಕ್ಕೂ ಒಂದೇ ಗೌರವ ಇರಲಿ. ರೋಗ ಬಂದದ್ದು ರೈತನ ಅಪರಾಧವಲ್ಲ. ಮೊದಲು ಬಂದು ಹೇಳಿದವನಿಗೆ ಒಂದು ಪಾಲು ಹೆಚ್ಚೇ ಕೊಡಿ. ಪಹಣಿಯಲ್ಲಿ ಹೆಸರಿಲ್ಲದೆ ಗೇಣಿಗೆ ಮಾಡುವವರು, ತೋಟದ ಕೂಲಿಯವರು, ಕೊನೆಗೌಡರು, ಇವರ ಲೆಕ್ಕವನ್ನು ಯಾವ ದೇಶದ ದರಪಟ್ಟಿಯೂ ಸರಿಯಾಗಿ ಹಾಕಿಲ್ಲ ಅಂತ ನನ್ನ ಅನುಮಾನ. ನಾವಾದರೂ ಹಾಕಬಹುದು.

ಇಷ್ಟು ಬರೆದರೆ ಯಾರಾದರೂ "ಇಷ್ಟು ದುಡ್ಡು ಎಲ್ಲಿಂದ ತರುವುದು?" ಅಂತ ಕೇಳುತ್ತಾರೆ. ನಾನು ಜಿಲ್ಲಾ ವರದಿಗಾರ, ಕಾಲಂ ಅಳತೆ ಹಿಡಿದು ಸಂಬಳ ಎಣಿಸುವವನು, ಬಜೆಟ್ ಬರೆಯುವುದು ನನ್ನ ಕೆಲಸವಲ್ಲ. ಆದರೆ ಲೆಕ್ಕ ಇಷ್ಟೇ ಇದೆ. ಆರಂಭದಲ್ಲಿ ಹತ್ತು ಎಕರೆಗೆ ಬೆಲೆ ಕೊಡುವುದೋ, ಹತ್ತು ವರ್ಷದ ನಂತರ ಮೂರು ತಾಲೂಕಿಗೆ ಪ್ಯಾಕೇಜ್ ಘೋಷಿಸುವುದೋ. ನಯಾಗರ ನದಿಯ ಈಚೆ ದಂಡೆಯ ನ್ಯೂಯಾರ್ಕ್ ರೈತ ಇವತ್ತು ತನಗೆ ಬೇಕಾದ ಪೀಚ್ ಸಸಿ ತಂದು ನೆಡಬಹುದು. ಆಚೆ ದಂಡೆಯ ಒಂಟಾರಿಯೊದಲ್ಲಿ ವೈರಸ್ ಇನ್ನೂ ಇದೆ, ಅಲ್ಲಿಯವರು ಅದರ ಜೊತೆಗೇ ಬದುಕಬೇಕಾಗಿದೆ. ಮುಂದಿನ ಅಧಿವೇಶನದಲ್ಲಿ ತೋಟಗಾರಿಕೆಯ ಮೇಲೆ ಚರ್ಚೆ ಬಂದಾಗ ನಿಮ್ಮ ಕ್ಷೇತ್ರದ ಶಾಸಕರು ಈ ದರಪಟ್ಟಿಯ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾರಾ ಅಂತ ನೋಡಿ. ಕೇಳದಿದ್ದರೆ ನೀವೇ ಫೋನ್ ಮಾಡಿ ಕೇಳಿ, ನಂಬರ್ ಚುನಾವಣೆ ಹೊತ್ತಿಗೆ ಕೊಟ್ಟ ಕರಪತ್ರದಲ್ಲಿ ಇರುತ್ತದೆ.